ಮಕ್ಕಳ ವಿಮಾನಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ

ಮಾನ್ಯ ಸಂಪಾದಕರಿಗೆ,

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ ನಾನು ಬಲ್ಲ ಕೆಲವು ಕನ್ನಡ ಶಾಲೆಗಳಲ್ಲಿ ವಿಜ್ಞಾನ ಸಂಘದ ಆಶ್ರಯದಲ್ಲಿ ನಡೆಯುತ್ತಿದ್ದ ಮಾದರಿ ವಿಮಾನ ಮತ್ತು ಪುಟ್ಟ ಡ್ರೋನ್‌ಗಳ ತರಬೇತಿ ಈಗ ನಿಂತುಹೋಗಿದೆ. ಯಾರಿಗೂ ಗಾಯವಾಗಿಲ್ಲ, ಯಾವ ಅವಘಡವೂ ನಡೆದಿಲ್ಲ. ‘ಹಾರಿಸುವುದಕ್ಕೆ ಈಗ ಬಹಳ ಕಾನೂನುಗಳಿವೆಯಂತೆ, ನಾಳೆ ಏನಾದರೂ ಆದರೆ ಉತ್ತರ ಹೇಳುವವರು ಯಾರು’ ಎಂಬ ಒಂದು ಮಾತಿನ ಮೇಲೆ, ಮಕ್ಕಳು ಥರ್ಮೋಕೋಲ್ ಹಾಳೆ ಕತ್ತರಿಸಿ, ಬಾಲ್ಸಾ ಮರದ ಪಟ್ಟಿ ಅಂಟಿಸಿ ಮಾಡಿದ ವಿಮಾನಗಳು ಪ್ರಯೋಗಾಲಯದ ಕಪಾಟು ಸೇರಿವೆ. ಈ ಕ್ರಮದಿಂದ ಮಕ್ಕಳ ಸುರಕ್ಷತೆ ಎಳ್ಳಷ್ಟೂ ಹೆಚ್ಚಿಲ್ಲ. ಕಾನೂನು ಕೇಳದೇ ಇರುವುದನ್ನು ನಾವೇ ಕಾನೂನೆಂದು ಭಾವಿಸಿಕೊಂಡು ಅವರ ಕೈಯಿಂದ ಒಂದು ಅಮೂಲ್ಯ ಕಲಿಕೆಯನ್ನು ಕಸಿದುಕೊಳ್ಳುತ್ತಿದ್ದೇವೆ. ಇದನ್ನು ಪಾಲಕರ, ಶಿಕ್ಷಕರ ಮತ್ತು ಜಿಲ್ಲಾಡಳಿತದ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾನು ನಿಯಮಗಳ ವಿರೋಧಿಯಲ್ಲ. ಈ ಮಣ್ಣಿನಲ್ಲಿ ಹುಟ್ಟಿ ಬೆಳೆದ ಯಾರೂ ಹಾಗಿರಲಾರರು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದಾಗ, ನೀರಿನ ನೆಲೆಗಳನ್ನು ಮುಚ್ಚಬೇಕು, ಜನರಿಗೆ ಮುಂಚಿತವಾಗಿ ತಿಳಿಸಬೇಕು ಎಂಬ ಮುನ್ನೆಚ್ಚರಿಕೆಗಳು ಕಾಗದದಲ್ಲಿಯೇ ಉಳಿದವೆಂಬುದು ಇಲ್ಲಿನ ಜನ ಅಂದಿನಿಂದ ಇಂದಿನವರೆಗೂ ಹೇಳುತ್ತ ಬಂದ ಮಾತು. ಗುಡ್ಡದ ಬುಡದಲ್ಲಿ, ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗದ ನೀರನ್ನೂ ತೋಡಿನ ನೀರನ್ನೂ ನಂಬಿ ಬದುಕುತ್ತಿದ್ದ ಎಣ್ಮಕಜೆ, ಪಡ್ರೆ ಮುಂತಾದ ಊರುಗಳ ಮನೆಮನೆಗಳಲ್ಲಿ ಅದರ ಫಲ ಇನ್ನೂ ಕಣ್ಣಿಗೆ ಕಾಣುತ್ತಿದೆ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶಾದ್ಯಂತ ತಡೆದದ್ದು 2011ರ ಮೇ 13ರಂದು. ಅದಕ್ಕೆ ಒಂದು ವರ್ಷ ಮೊದಲು, 2010ರ ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಂದರಕ್ಕೆ ಬಿದ್ದು 158 ಮಂದಿ ತೀರಿಕೊಂಡರು. ಅವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ ಇದ್ದರು. ಆಕಾಶದಲ್ಲಿ ಹಾರುವ ವಸ್ತುವಿಗೆ ಕಟ್ಟುನಿಟ್ಟಾದ ನಿಯಮ ಏಕೆ ಬೇಕೆಂಬುದನ್ನು ಕಾಸರಗೋಡಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಆದ್ದರಿಂದಲೇ ಅಪಾಯದ ಮೂಲಕ್ಕೆ ಕೈಹಾಕುವ ನಿಯಮ ಯಾವುದು, ಬರಿಯ ಹೊಣೆ ಜಾರಿಸುವ ನಿಷೇಧ ಯಾವುದು ಎಂಬ ವಿವೇಚನೆಯೂ ನಮಗೆ ಇರಬೇಕು.

ಈಗ ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಕೇಂದ್ರ ಸರ್ಕಾರ 2021ರ ಆಗಸ್ಟ್ 25ರಂದು ಹೊರಡಿಸಿದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದಕ್ಕೂ ಮೇಲೆ 2 ಕಿಲೋವರೆಗಿನದು ಮೈಕ್ರೋ. ನ್ಯಾನೋ ಹಾರಿಸುವವರಿಗೂ, ವ್ಯಾಪಾರದ ಉದ್ದೇಶವಿಲ್ಲದೆ ಮೈಕ್ರೋ ಹಾರಿಸುವವರಿಗೂ ರಿಮೋಟ್ ಪೈಲಟ್ ಅರ್ಹತಾ ಪತ್ರ ಬೇಕಿಲ್ಲ. ಆ ಪತ್ರಕ್ಕೆ 18 ವರ್ಷ ತುಂಬಿರಬೇಕು ಎಂಬ ಷರತ್ತನ್ನು ಎಲ್ಲಿಯೋ ಓದಿದವರು ‘ಹದಿನೆಂಟರ ಒಳಗಿನವರು ಏನನ್ನೂ ಹಾರಿಸಬಾರದು’ ಎಂದು ಅರ್ಥ ಮಾಡಿಕೊಂಡಿರುವುದೇ ಅರ್ಧ ಗೊಂದಲಕ್ಕೆ ಕಾರಣ. ಇದಕ್ಕೂ ಮುಖ್ಯವಾದುದೆಂದರೆ, ಕೇಂದ್ರ ಅಥವಾ ರಾಜ್ಯ ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯೊಂದು ಸಂಶೋಧನೆ, ಅಭಿವೃದ್ಧಿ ಮತ್ತು ಪರೀಕ್ಷೆಯ ಸಲುವಾಗಿ ಹಸಿರು ವಲಯದಲ್ಲಿ (ಎಂದರೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲದ ಪ್ರದೇಶದಲ್ಲಿ), ತನ್ನ ಆವರಣದೊಳಗೆ ಅಥವಾ ತನ್ನ ಹತೋಟಿಯಲ್ಲಿರುವ ಬಯಲಿನಲ್ಲಿ ಹಾರಿಸುವುದಾದರೆ ಡ್ರೋನಿನ ವಿನ್ಯಾಸಕ್ಕೆ ಕೊಡುವ ಟೈಪ್ ಸರ್ಟಿಫಿಕೇಟ್, ಗುರುತಿನ ಸಂಖ್ಯೆ, ಪೈಲಟ್ ಅರ್ಹತೆ ಈ ಮೂರರಿಂದಲೂ ಅದಕ್ಕೆ ವಿನಾಯಿತಿ ಇದೆ. ಮಕ್ಕಳು ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ಹಾರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಶಾಲಾ ಚಟುವಟಿಕೆಗೆ ಈ ವಿನಾಯಿತಿ ಸಲ್ಲದೆಂದು ಹೇಳುವವರು ಅದಕ್ಕೆ ಕಾರಣವನ್ನೂ ಹೇಳಬೇಕಾಗುತ್ತದೆ.

ಹಸಿರು ವಲಯ ಎಲ್ಲಿದೆ ಎಂಬ ಪ್ರಶ್ನೆಗೂ ನಮ್ಮ ಭಾಗದ ಮಟ್ಟಿಗೆ ಉತ್ತರ ಕಷ್ಟದ್ದಲ್ಲ. ಮೊದಲು ವಿಮಾನ ನಿಲ್ದಾಣದ ಸುತ್ತ 45 ಕಿಲೋಮೀಟರ್‌ವರೆಗೆ ಹಳದಿ ವಲಯವಿತ್ತು. ಆ ಲೆಕ್ಕದಲ್ಲಿ ಮಂಗಳೂರು ವಿಮಾನ ನಿಲ್ದಾಣವಿರುವ ಕೆಂಜಾರಿನಿಂದ ಅಳೆದರೆ ಮಂಜೇಶ್ವರ, ಉಪ್ಪಳ, ಕುಂಬಳೆಗಳೆಲ್ಲ ಅದರೊಳಗೆ ಸೇರಿ, ಪ್ರತಿ ಹಾರಾಟಕ್ಕೂ ಅನುಮತಿ ಕೇಳಬೇಕಾದ ಸ್ಥಿತಿ ಇತ್ತು. 2021ರಲ್ಲಿ ಆ ದೂರವನ್ನು 12 ಕಿಲೋಮೀಟರಿಗೆ ಇಳಿಸಿದ ಮೇಲೆ ವಿಮಾನ ನಿಲ್ದಾಣದ ಕಾರಣಕ್ಕೆ ನಮ್ಮ ತಾಲೂಕುಗಳ ಮೇಲೆ ಬೀಳುತ್ತಿದ್ದ ಆ ನಿರ್ಬಂಧ ತೊಲಗಿದೆ. ದಕ್ಷಿಣದಲ್ಲಿ, ಏಳಿಮಲೆಯ ನೌಕಾ ಅಕಾಡೆಮಿಗೆ ಹತ್ತಿರವಿರುವ ತೃಕ್ಕರಿಪುರದ ಕಡೆಯವರು ವಲಯಗಳ ನಕ್ಷೆಯನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ನಮ್ಮವರೂ ನೋಡಲೇಬೇಕು, ಏಕೆಂದರೆ ನಕ್ಷೆ ಬದಲಾಗುತ್ತಿರುತ್ತದೆ. ಇನ್ನು ಗಣ್ಯರ ಭೇಟಿ, ಭದ್ರತೆ ಮುಂತಾದ ತುರ್ತು ಸಂದರ್ಭಗಳಲ್ಲಿ ತಾತ್ಕಾಲಿಕವಾಗಿ ಕೆಂಪು ವಲಯ, ಎಂದರೆ ಹಾರಾಟ ನಿಷೇಧದ ವಲಯ, ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಪೊಲೀಸರಿಗೂ ಇದೆ, ಅದು ಇರಬೇಕಾದದ್ದೇ. ಆದರೆ ಆ ಅಧಿಕಾರಕ್ಕೂ ನಿಯಮ ಎಲ್ಲೆ ಹಾಕಿದೆ: ಘೋಷಣೆ ಒಂದು ಬಾರಿಗೆ 96 ಗಂಟೆಗೆ ಮೀರಬಾರದು, ಪೊಲೀಸ್ ವರಿಷ್ಠಾಧಿಕಾರಿಗಿಂತ ಕೆಳಗಿನ ದರ್ಜೆಯವರು ಅದನ್ನು ಹೊರಡಿಸಬಾರದು, ವಲಯದ ವಿಸ್ತಾರ ಅಗತ್ಯಕ್ಕಿಂತ ಹೆಚ್ಚಿರಬಾರದು. ನಾಲ್ಕು ದಿನಗಳಿಗೆಂದು ಕಾನೂನು ಕೊಟ್ಟ ಅಧಿಕಾರವನ್ನು ಒಂದು ಇಡೀ ಶೈಕ್ಷಣಿಕ ವರ್ಷಕ್ಕೆ ನಾವಾಗಿಯೇ ಎಳೆದುಕೊಳ್ಳುವುದು ಯಾವ ನ್ಯಾಯ?

ಇಷ್ಟಾದರೂ ಅನುಮತಿ ಕೇಳಿಯೇ ಮುಂದುವರಿಯೋಣವೆಂದು ಹೊರಟ ಒಬ್ಬ ಶಿಕ್ಷಕಿಗೆ ನೆರವಾಗಲು ಹೋದಾಗ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಒಂದು ಕಚೇರಿ ಇನ್ನೊಂದರ ನಿರಾಕ್ಷೇಪಣಾ ಪತ್ರ ಕೇಳಿತು, ಅದು ಮತ್ತೊಂದರದ್ದನ್ನು ಕೇಳಿತು. ಕೊನೆಗೆ ಶಾಲೆಯ ಆಡಳಿತದವರು ‘ಈ ವರ್ಷ ಬೇಡ ಬಿಡಿ’ ಎಂದರು. ಅಷ್ಟು ಕಾಗದಗಳಲ್ಲಿ ಒಂದೇ ಒಂದು ಕಡೆಯಲ್ಲಿಯೂ, ಮೈದಾನದ ಪಶ್ಚಿಮ ಅಂಚಿನಲ್ಲಿ ಹಾದುಹೋಗುವ 11 ಸಾವಿರ ವೋಲ್ಟಿನ ವಿದ್ಯುತ್ ತಂತಿಯ ಬಗ್ಗೆ ಯಾರೂ ಕೇಳಲಿಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಇದು. ಮಾದರಿ ವಿಮಾನದ ತರಬೇತಿಯಲ್ಲಿ ಮಗುವಿನ ಜೀವಕ್ಕೆ ನಿಜವಾಗಿ ಎರವಾಗಬಹುದಾದದ್ದು ಯಾವುದೆಂದರೆ, ತಂತಿಗೆ ಸಿಕ್ಕಿಕೊಂಡ ವಿಮಾನವನ್ನು ಬಿಡಿಸಲು ಅಡಿಕೆ ಕೊಯ್ಯುವ ಉದ್ದದ ದೋಟಿಯನ್ನು ಹಿಡಿದು ಹುಡುಗನೊಬ್ಬ ಓಡುವುದು. ದೋಟಿ ಈಗ ಅನೇಕ ಮನೆಗಳಲ್ಲಿ ಅಲ್ಯೂಮಿನಿಯಮ್ಮಿನದು. ಅದನ್ನು ತಡೆಯಲು ಯಾವ ನಿರಾಕ್ಷೇಪಣಾ ಪತ್ರದಿಂದಲೂ ಆಗದು. ತಂತಿಯಿಂದ ದೂರದ ಪದವು, ಎಂದರೆ ಗುಡ್ಡದ ಮೇಲಿನ ಬಯಲನ್ನು ಆರಿಸಿಕೊಂಡು, ‘ಸಿಕ್ಕಿಕೊಂಡ ವಿಮಾನವನ್ನು ಯಾರೂ ಮುಟ್ಟಬಾರದು, ಅದು ಹೋದರೆ ಹೋಯಿತು’ ಎಂದು ಮೊದಲ ದಿನವೇ ಹೇಳಿ ಒಪ್ಪಿಸುವುದರಿಂದ ಮಾತ್ರ ಆಗುತ್ತದೆ.

ಇಂಥ ಅಪಾಯಗಳು ಇನ್ನೂ ಇವೆ, ಅವೆಲ್ಲ ಅಂಗೈಯಗಲದ ಸಂಗತಿಗಳು. ಲಿಥಿಯಂ ಪಾಲಿಮರ್ ಬ್ಯಾಟರಿ ಬಿದ್ದು ಪೆಟ್ಟಾಗಿ ಉಬ್ಬಿಕೊಂಡಿದ್ದರೆ ಚಾರ್ಜ್ ಮಾಡುವಾಗ ಹೊತ್ತಿಕೊಳ್ಳಬಹುದು. ಆದ್ದರಿಂದ ಉಬ್ಬಿದ್ದನ್ನು ಬಳಸಬಾರದು, ಒಳ್ಳೆಯದನ್ನೂ ಮರಳು ತುಂಬಿದ ತಟ್ಟೆಯ ಮೇಲಿಟ್ಟು, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಚಾರ್ಜ್ ಮಾಡಬೇಕು. ಮೋಟಾರನ್ನು ಮೇಜಿನ ಮೇಲೆ ಪರೀಕ್ಷಿಸುವಾಗ ಪ್ರೊಪೆಲ್ಲರ್ ಕಳಚಿಟ್ಟಿರಬೇಕು, ಏಕೆಂದರೆ ಬೆರಳು ತುಂಡಾಗುವುದು ಆಕಾಶದಲ್ಲಿ ಅಲ್ಲ, ಮೇಜಿನ ಬಳಿಯಲ್ಲಿ. ರೇಡಿಯೋ ಸಂಕೇತ ಕಡಿದುಹೋದರೆ ಮೋಟಾರು ತಾನಾಗಿಯೇ ನಿಲ್ಲುವಂತೆ ರಿಸೀವರನ್ನು ಹೊಂದಿಸಿದೆಯೇ ಎಂದು, ವಿಮಾನವನ್ನು ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಬೇಕು. ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ ಗುರುತ್ವ ಕೇಂದ್ರ ಸರಿಯಾದ ಜಾಗದಲ್ಲಿದೆಯೇ ಎಂದು ನೋಡದೆ ಬಿಟ್ಟರೆ, ಹಿಂಭಾರದ ವಿಮಾನ ಮೂತಿ ಎತ್ತಿ ನಿಂತು ಎಲ್ಲಿಗೆ ಬೀಳುತ್ತದೆಂದು ಹೇಳಲಾಗದು. ನಮ್ಮ ಮುರಕಲ್ಲಿನ ಪದವುಗಳ ಮೇಲೆ ಹೊತ್ತೇರಿದಂತೆ ಕಡಲ ಗಾಳಿ ಜೋರಾಗುವುದರಿಂದ ಬೆಳಗಿನ ಹೊತ್ತೇ ಹಾರಿಸಿ ಮುಗಿಸಬೇಕು. ನೋಡುವವರೆಲ್ಲ ಹಾರಿಸುವವರ ಬೆನ್ನ ಹಿಂದೆ, ಗೆರೆಯ ಆಚೆ ನಿಲ್ಲಬೇಕು. ಕಡ್ಡಾಯ ಮಾಡಬೇಕಾದವು ಇವು. ಇವನ್ನು ಬಿಟ್ಟು ಚಟುವಟಿಕೆಯನ್ನೇ ನಿಲ್ಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಶಾಲೆಯಲ್ಲಿ ನಿಂತುಹೋದ ಮೇಲೂ ಮಕ್ಕಳು ಹಾರಿಸುವುದನ್ನು ಬಿಡುವುದಿಲ್ಲ. ಮನೆಯ ಹಿಂದಿನ ಗುಡ್ಡೆಯಲ್ಲಿ, ಶಿಕ್ಷಕರಿಲ್ಲದೆ, ಉಬ್ಬಿದ ಬ್ಯಾಟರಿಯಲ್ಲಿಯೇ ಹಾರಿಸುತ್ತಾರೆ.

ನಿಜವಾದ ವಿಮಾನ ಹತ್ತುವ ಹಂತದಲ್ಲಿ ಅಪಾಯವೂ ದೊಡ್ಡದು, ಅದನ್ನು ಒಪ್ಪುತ್ತೇನೆ. 1950ರ ಏಪ್ರಿಲ್ 1ರಂದು ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ಆರಂಭವಾದ ಎನ್‌ಸಿಸಿಯ ವಾಯುದಳ ವಿಭಾಗ ಇಂದು ಕೆಡೆಟ್‌ಗಳನ್ನು ಎರಡು ಆಸನದ ಮೈಕ್ರೋಲೈಟ್ ವಿಮಾನಗಳಲ್ಲಿ ಕರೆದೊಯ್ಯುತ್ತದೆ. 2020ರ ಫೆಬ್ರವರಿ 24ರಂದು ಪಟಿಯಾಲದಲ್ಲಿ ಅಂಥ ಒಂದು ವಿಮಾನ ಬಿದ್ದು ಅದನ್ನು ನಡೆಸುತ್ತಿದ್ದ ವಾಯುಪಡೆಯ ಅಧಿಕಾರಿ ತೀರಿಕೊಂಡರು, ಜೊತೆಗಿದ್ದ ಕೆಡೆಟ್ ಗಾಯಗೊಂಡರು. ನಮ್ಮದೇ ರಾಜ್ಯದ ಇಡುಕ್ಕಿಯ ಸತ್ರಂನಲ್ಲಿ ಎನ್‌ಸಿಸಿಗಾಗಿ ಕಟ್ಟಿದ 650 ಮೀಟರಿನ ರನ್‌ವೇಯಲ್ಲಿ 2022ರಲ್ಲಿ ಮೊದಲ ಸಲ ಇಳಿಯಲು ಹೋದ ವಿಮಾನ ಎದುರಿನ ಗುಡ್ಡದ ಅಡ್ಡಿಯಿಂದ ಇಳಿಯದೆ ಹಿಂದಿರುಗಿತು. ಆ ವರ್ಷದ ಮಳೆಗಾಲದಲ್ಲಿ ರನ್‌ವೇಯ ಒಂದು ಬದಿ ಕುಸಿಯಿತು. ಡಿಸೆಂಬರಿನಲ್ಲಿ ವಿಮಾನ ಕೊನೆಗೂ ಇಳಿಯಿತು. ಇಳಿಯದೆ ಹಿಂದಿರುಗಿದ ಆ ದಿನವನ್ನು ಸೋಲೆಂದು ಪತ್ರಿಕೆಗಳು ಬರೆದದ್ದು ನೆನಪಿದೆ. ನನ್ನ ದೃಷ್ಟಿಯಲ್ಲಿ ಆ ಪೈಲಟ್ ನಿಯಮವನ್ನು ಸರಿಯಾಗಿ ಪಾಲಿಸಿದವರು, ಮಕ್ಕಳಿಗೆ ಹೇಳಿಕೊಡಬೇಕಾದ ಪಾಠವೂ ಅದೇ. ಇನ್ನೊಂದು ಮಾತು: ನಮ್ಮ ದೇಶದ ಕಾನೂನು 16 ವರ್ಷ ತುಂಬಿದ, ಹತ್ತನೇ ತರಗತಿ ಪಾಸಾದ ವಿದ್ಯಾರ್ಥಿಗೆ ವೈದ್ಯಕೀಯ ತಪಾಸಣೆಯ ನಂತರ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಕೊಡುತ್ತದೆ, 17ಕ್ಕೆ ಖಾಸಗಿ ಪೈಲಟ್ ಆಗಬಹುದು, 18ಕ್ಕೆ 200 ಗಂಟೆಗಳ ಹಾರಾಟ ಪೂರೈಸಿದರೆ ಅದೇ ವೃತ್ತಿಯನ್ನು ಹಿಡಿಯಬಹುದು. ಹದಿನಾರರ ಹುಡುಗಿಯ ಕೈಗೆ ಶಿಕ್ಷಕರ ಜೊತೆಯಲ್ಲಿ ವಿಮಾನವನ್ನೇ ಒಪ್ಪಿಸಲು ಸರ್ಕಾರ ಸಿದ್ಧವಿರುವಾಗ, ಹದಿನಾಲ್ಕರ ಹುಡುಗಿಯ ಕೈಯಲ್ಲಿರುವ 200 ಗ್ರಾಮಿನ ಥರ್ಮೋಕೋಲಿಗೆ ನಾವು ಹೆದರುವುದು ಸರಿಯಲ್ಲ.

ಯುವಜನರ ಹಾರಾಟವನ್ನು ಸುರಕ್ಷತೆಯ ಕಾರಣಕ್ಕೆ ನಿಲ್ಲಿಸಿದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನಲ್ಲಿ ದೊಡ್ಡ ಉದಾಹರಣೆ ಇದೆ. ಅಲ್ಲಿನ ವಾಯುಪಡೆಯ ಕೆಡೆಟ್‌ಗಳು ಬಳಸುತ್ತಿದ್ದ 146 ಗ್ಲೈಡರ್‌ಗಳನ್ನು 2014ರ ಏಪ್ರಿಲ್‌ನಲ್ಲಿ ನೆಲಕ್ಕೆ ಇಳಿಸಲಾಯಿತು. ಕಾರಣ ಅಪಘಾತವಲ್ಲ, ಅವು ಹಾರಲು ಯೋಗ್ಯವೆಂದು ಸಾಧಿಸುವ ದಾಖಲೆಗಳು ಸರಿಯಿರಲಿಲ್ಲ. ದಾಖಲೆ ಸರಿಯಿಲ್ಲದ ಗ್ಲೈಡರಿನಲ್ಲಿ ಮಕ್ಕಳನ್ನು ಕೂರಿಸದೇ ಇದ್ದದ್ದು ಸರಿಯಾದ ತೀರ್ಮಾನವೇ. ಆದರೆ ದುರಸ್ತಿಯ ಕೆಲಸ ವರ್ಷಗಟ್ಟಲೆ ಎಳೆಯಿತು, 2016ರ ಮಾರ್ಚ್‌ನಲ್ಲಿ ಸರ್ಕಾರ ಕನಿಷ್ಠ 73 ವೈಕಿಂಗ್ ಮತ್ತು ಹೆಚ್ಚೆಂದರೆ 15 ವಿಜಿಲೆಂಟ್ ಗ್ಲೈಡರ್‌ಗಳನ್ನು ಮಾತ್ರ ಉಳಿಸಿಕೊಳ್ಳುವುದಾಗಿ ಪ್ರಕಟಿಸಿ ಅನೇಕ ತರಬೇತಿ ಘಟಕಗಳನ್ನು ಮುಚ್ಚಿತು. ವಾರದ ರಜೆಯನ್ನು ಬಿಟ್ಟು ಬಂದು ಕಲಿಸುತ್ತಿದ್ದ ಸ್ವಯಂಸೇವಕರು ಒಮ್ಮೆ ಚದುರಿದರೆ ಅವರನ್ನು ಮತ್ತೆ ಕೂಡಿಸುವುದು ಸುಲಭವಲ್ಲ. ನಮ್ಮ ಶಾಲೆಗಳಲ್ಲಿಯೂ ಈ ಕೆಲಸವನ್ನು ನಡೆಸುವವರು ಆಸಕ್ತಿಯುಳ್ಳ ಒಬ್ಬಿಬ್ಬರು ಶಿಕ್ಷಕರು ಮಾತ್ರ. ಅವರಿಗೆ ಒಂದು ವರ್ಷ ‘ಬೇಡ’ ಎಂದರೆ ಮರುವರ್ಷ ಅವರು ಕೇಳುವುದಿಲ್ಲ.

ಇದಕ್ಕೆ ಎದುರಾಗಿ, ಅಪಘಾತದ ನಂತರವೂ ವಿವೇಕದಿಂದ ನಡೆದುಕೊಳ್ಳಬಹುದೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕ್ಷಿ. 1996ರ ಏಪ್ರಿಲ್ 11ರಂದು, ದೇಶವನ್ನು ಅಡ್ಡಲಾಗಿ ಹಾರಿ ದಾಖಲೆ ಮಾಡಲು ಹೊರಟಿದ್ದ ಏಳು ವರ್ಷದ ಬಾಲಕಿ, ಅವಳ ತಂದೆ ಮತ್ತು ಹಾರಾಟ ಕಲಿಸುತ್ತಿದ್ದ ಶಿಕ್ಷಕ ಮೂವರೂ ಶಯೆನ್ ಪಟ್ಟಣದಲ್ಲಿ ವಿಮಾನ ಬಿದ್ದು ಸತ್ತರು. ಹದಗೆಡುತ್ತಿದ್ದ ಹವೆಯಲ್ಲಿ, ಮಿತಿ ಮೀರಿದ ಭಾರದೊಡನೆ ಮೇಲೇರಲು ಶಿಕ್ಷಕ ಮಾಡಿದ ತೀರ್ಮಾನವೇ ಕಾರಣವೆಂದೂ, ಪತ್ರಿಕೆ ಟಿವಿಗಳಿಗಾಗಿ ಹಾಕಿಕೊಂಡ ವೇಳಾಪಟ್ಟಿಯನ್ನು ಪಾಲಿಸುವ ಒತ್ತಡ ಅದಕ್ಕೆ ಸೇರಿತ್ತೆಂದೂ ತನಿಖೆ ಹೇಳಿತು. ಅದೇ ವರ್ಷ ಅಲ್ಲಿನ ಸಂಸತ್ತು ತಂದ ಕಾನೂನು, ದಾಖಲೆ ಸ್ಥಾಪಿಸುವ ಪ್ರಯತ್ನಗಳಲ್ಲಿ ಲೈಸೆನ್ಸ್ ಇಲ್ಲದ ಮಕ್ಕಳ ಕೈಗೆ ವಿಮಾನದ ನಿಯಂತ್ರಣ ಕೊಡುವುದನ್ನು ತಡೆಯಿತು. ಮಕ್ಕಳು ಹಾರುವುದನ್ನೇ ಅದು ತಡೆಯಲಿಲ್ಲ. 8ರಿಂದ 17 ವರ್ಷದವರನ್ನು ಉಚಿತವಾಗಿ ವಿಮಾನದಲ್ಲಿ ಕರೆದೊಯ್ಯುವ, 1992ರಲ್ಲಿ ಶುರುವಾದ ‘ಯಂಗ್ ಈಗಲ್ಸ್’ ಕಾರ್ಯಕ್ರಮ ಹಾಗೆಯೇ ಮುಂದುವರಿದು 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮೇಲೆ ಒಯ್ದಿದೆ.

ಹಾರಾಟದ ತರಬೇತಿಯಿಂದ ಮಕ್ಕಳಿಗೆ ಸಿಗುವುದು ಪೈಲಟ್ ಆಗುವ ಕನಸು ಮಾತ್ರವೆಂದು ಯಾರೂ ತಿಳಿಯಬಾರದು. ಮಂಗಳೂರಿನ ದುರಂತದ ತನಿಖಾ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ: ವಿಮಾನ ಸರಿಯಾದ ಎತ್ತರದಲ್ಲಿಲ್ಲವೆಂದು ಕಂಡ ಸಹ ಪೈಲಟ್, ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಬಾರಿ ಹೇಳಿದರು, ಕ್ಯಾಪ್ಟನ್ ಕೇಳಲಿಲ್ಲ. ಹಿರಿಯರ ಎದುರು ಕಿರಿಯರು ‘ತಪ್ಪಾಗುತ್ತಿದೆ’ ಎಂದು ಹೇಳುವುದು, ಹಿರಿಯರು ಅದನ್ನು ಕೇಳಿಸಿಕೊಂಡು ಕೈ ತಡೆಯುವುದು ನಮ್ಮ ತರಗತಿಗಳಲ್ಲಿ ಎಲ್ಲಿಯೂ ಕಲಿಸದ ವಿದ್ಯೆ. ಮಾದರಿ ವಿಮಾನದ ಶಿಬಿರದಲ್ಲಿ ಮಾತ್ರ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಗೆರೆಯ ಹಿಂದೆ ನಿಂತ ಮಕ್ಕಳಲ್ಲಿ ಯಾರೇ ಆಗಲಿ ‘ನಿಲ್ಲಿಸಿ’ ಎಂದು ಕೂಗಿದರೆ ಹಾರಾಟ ನಿಲ್ಲಬೇಕು, ಯಾಕೆ ಕೂಗಿದೆ ಎಂದು ಗದರಬಾರದು ಎಂಬುದು ಅಲ್ಲಿನ ಕಟ್ಟಳೆ. ಐದನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೂಗಿದಾಗ ಹತ್ತನೆಯವನೊಬ್ಬ ಮರುಮಾತಿಲ್ಲದೆ ಮೋಟಾರು ಆರಿಸಿ ವಿಮಾನವನ್ನು ಕೆಳಗಿಟ್ಟ. ನೋಡಿದರೆ ಮೈದಾನದ ಇನ್ನೊಂದು ಮೂಲೆಯಲ್ಲಿ ಹಸು ಕಟ್ಟಲು ಬಂದ ಅಜ್ಜಿಯೊಬ್ಬರು ನಡೆದುಬರುತ್ತಿದ್ದರು.

ಪಾಲಕರ ಒಪ್ಪಿಗೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಎನ್‌ಸಿಸಿ ಶಿಬಿರವೇ ಇರಲಿ, ಶಾಲೆಯ ಚಟುವಟಿಕೆಯೇ ಇರಲಿ, ಅಪಾಯವನ್ನು ತಿಳಿದು ಒಪ್ಪಿದ್ದೇವೆಂದು ಪಾಲಕರು ಸಹಿ ಮಾಡಬೇಕಾದ ಪತ್ರಗಳು ನನ್ನ ಕೈಗೆ ಬಂದ ಮಟ್ಟಿಗೆ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿಯೇ ಇದ್ದವು. ಎಣ್ಮಕಜೆ, ಪೈವಳಿಕೆ, ಬೆಳ್ಳೂರು ಕಡೆಯ ಅನೇಕ ತಾಯಂದಿರು ಓದಬಲ್ಲದ್ದು ಕನ್ನಡ ಒಂದನ್ನೇ. ಓದಲಾಗದ ಕಾಗದಕ್ಕೆ ಹಾಕಿದ ಸಹಿಯಿಂದ ಕಚೇರಿಗೆ ರಕ್ಷಣೆ ಸಿಗಬಹುದು, ಮಗುವಿಗೆ ಸಿಗುವುದಿಲ್ಲ. ಬ್ಯಾಟರಿಯ ಬಗ್ಗೆ, ತಂತಿಯ ಬಗ್ಗೆ ಆ ತಾಯಿಗೆ ಅವಳ ಭಾಷೆಯಲ್ಲಿ ತಿಳಿಸಿದ್ದರೆ ಮನೆಯಲ್ಲಿ ದೋಟಿಯನ್ನು ಎತ್ತಿ ಅಟ್ಟದ ಮೇಲಿಡುವವಳು ಅವಳೇ. ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾದ ನಾವು ಈ ಹಕ್ಕನ್ನು ಬೇರೆ ಬೇರೆ ಕಾರಣಗಳಿಗಾಗಿ ಕೇಳುತ್ತಲೇ ಬಂದಿದ್ದೇವೆ. ಇಲ್ಲಿ ಅದು ಜೀವದ ಪ್ರಶ್ನೆಯೂ ಆಗಿದೆ.

ಜಿಲ್ಲಾಡಳಿತವೂ ಶಿಕ್ಷಣ ಇಲಾಖೆಯೂ ಸೇರಿ, 250 ಗ್ರಾಮಿನೊಳಗಿನ ಮಾದರಿಗಳನ್ನು ಶಾಲೆಯ ಆವರಣದಲ್ಲಿ ಹಾರಿಸಲು ಯಾವ ಯಾವ ಅನುಮತಿ ಬೇಡ ಎಂಬುದನ್ನು ಸ್ಪಷ್ಟಪಡಿಸುವ ಒಂದು ಸುತ್ತೋಲೆಯನ್ನು ಹೊರಡಿಸಿದರೆ, ಅದನ್ನು ಕನ್ನಡದಲ್ಲಿಯೂ ಕೊಟ್ಟರೆ, ಮುಖ್ಯೋಪಾಧ್ಯಾಯರ ಭಯ ಬಹುಪಾಲು ನೀಗುತ್ತದೆ. ಅದೇ ಸುತ್ತೋಲೆಯಲ್ಲಿ ವಿದ್ಯುತ್ ತಂತಿಯಿಂದ ಇರಬೇಕಾದ ದೂರ, ಬ್ಯಾಟರಿ ಇಡುವ ವಿಧಾನ, ಪ್ರೊಪೆಲ್ಲರ್ ಕಳಚುವ ಕಟ್ಟಳೆ, ಪ್ರಥಮ ಚಿಕಿತ್ಸೆ ಬಲ್ಲವರೊಬ್ಬರು ಸ್ಥಳದಲ್ಲಿರಬೇಕೆಂಬ ಷರತ್ತು ಇವನ್ನು ಕಡ್ಡಾಯ ಮಾಡಲಿ, ತಪ್ಪಿದ ಶಾಲೆಯ ಚಟುವಟಿಕೆಯನ್ನು ತಪ್ಪು ತಿದ್ದುವವರೆಗೆ ನಿಲ್ಲಿಸಲಿ, ಯಾವ ದಿನ ಮರುಪರಿಶೀಲನೆ ಎಂಬುದನ್ನು ನಿಲ್ಲಿಸುವ ಆದೇಶದಲ್ಲಿಯೇ ಬರೆಯಲಿ. ಪ್ರತಿ ಶಾಲೆಗೆ 20 ಲಕ್ಷ ರೂಪಾಯಿಯ ಲೆಕ್ಕದಲ್ಲಿ ಅನುದಾನ ಪಡೆದ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಇರುವಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ಈ ಸುರಕ್ಷತಾ ಪಾಠವನ್ನು ಒಂದು ದಿನ ಕಲಿಸುವುದು ದೊಡ್ಡ ಖರ್ಚಿನ ಮಾತಲ್ಲ. ಮಳೆಗಾಲ ಮುಗಿದು ಪದವುಗಳ ಹುಲ್ಲು ಒಣಗುವುದರೊಳಗೆ, ಎಂದರೆ ನವೆಂಬರಿನ ಹೊತ್ತಿಗೆ ಈ ಸುತ್ತೋಲೆ ಶಾಲೆಗಳಿಗೆ ತಲುಪಿದರೆ ಈ ವರ್ಷದ ಮಕ್ಕಳಿಗೆ ಅವಕಾಶ ತಪ್ಪುವುದಿಲ್ಲ.

ಇತಿ,
ನಿವೃತ್ತ ಭೌತಶಾಸ್ತ್ರ ಶಿಕ್ಷಕ, ಬದಿಯಡ್ಕ